ಕಾಪುವಿನ ಕರೆಂಟಿಗೊಂದು ಆಂಪ್ಲಿಫೈಯರ್

ಕಾಕನ ಬಲಗಿವಿಯ ಹಿಂದೆ, ಎಲುಬು ಉಬ್ಬಿದ ಜಾಗದಲ್ಲಿ, ನಾಲ್ಕಾಣೆಯಷ್ಟು ಅಗಲದ ಒಂದು ಜಡ್ಡು ಇತ್ತು. ಅಲ್ಲಿ ಕೂದಲು ಬೆಳೆಯುತ್ತಿರಲಿಲ್ಲ, ಚರ್ಮ ಉಜ್ಜಿದ ಹಿತ್ತಾಳೆಯ ಹಾಗೆ ಮಿರುಗುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ಮರದ ಹಿಡಿಯನ್ನು ಅಲ್ಲಿಗೆ ಒತ್ತಿ, ಅದರ ತುದಿಯನ್ನು ಕರೆಂಟು ಹರಿಯುತ್ತಿರುವ ಟ್ರಾನ್ಸ್‌ಫಾರ್ಮರಿಗೆ ತಾಗಿಸಿ, ಕಣ್ಣು ಮುಚ್ಚಿ ಕೇಳುವುದು ಅವರ ಕ್ರಮ. ಮೂವತ್ತು ವರ್ಷ ದಿನಕ್ಕೆ ಹತ್ತಾರು ಸಲ ಹಾಗೆ ಕೇಳಿದ್ದರ ಗುರುತು ಅದು. ಅವರು ಕೇಳುತ್ತಿರುವಷ್ಟು ಹೊತ್ತು ಎದುರು ನಿಂತ ಗಿರಾಕಿಗೆ ಕೆಮ್ಮುವುದಕ್ಕೂ ಧೈರ್ಯ ಇಲ್ಲ. ಆಮೇಲೆ ಕಣ್ಣು ತೆರೆದು ಒಂದೋ "ಗೊಣಗ್ತದೆ" ಎನ್ನುತ್ತಿದ್ದರು, ಇಲ್ಲವೇ "ಆರೋಗ್ಯ ಉಂಟು" ಎನ್ನುತ್ತಿದ್ದರು. ಮೂರನೆಯ ಮಾತನ್ನು ನಾನು ಕೇಳಿದ್ದಿಲ್ಲ.

ಉಡುಪಿಯ ಬಸ್‌ಸ್ಟ್ಯಾಂಡಿನ ಹಿಂದೆ, ಕಡಿದಾದ ಮರದ ಮೆಟ್ಟಿಲು ಹತ್ತಿ ಹೋದರೆ ಅವರ ಅಂಗಡಿ. ಅಂಗಡಿ ಎನ್ನುವುದು ಮರ್ಯಾದೆಯ ಮಾತು. ಇಬ್ಬರು ನಿಂತರೆ ಮೂರನೆಯವರು ಮೆಟ್ಟಿಲ ಮೇಲೆ ಕಾಯಬೇಕು. ಬೋರ್ಡು ಇರಲಿಲ್ಲ. ಅವರು ಉಚ್ಚಿಲದ ಬ್ಯಾರಿ ಮುಸಲ್ಮಾನರು, ಬೆಳಗ್ಗೆ ಎಂಟರ ಬಸ್ಸಿಗೆ ಬಂದು ಸಂಜೆ ಆರರ ಬಸ್ಸಿಗೆ ಹಿಂದೆ ಹೋಗುವವರು. ಊರಿಗೆಲ್ಲ ಅವರು ಕಾಕ. ಮನೆಯಲ್ಲಿ ಬ್ಯಾರಿ ಭಾಷೆ, ಬೀದಿಯಲ್ಲಿ ತುಳು, ಬಂಗಾರದಂಗಡಿಯವರ ಹತ್ತಿರ ಕೊಂಕಣಿ. ಆದರೆ ಬ್ಯಾಂಕು ಗುಮಾಸ್ತನಾದ ನನ್ನೊಡನೆ ಮಾತ್ರ ಅಚ್ಚುಕಟ್ಟಾದ ಕನ್ನಡ. ತುಳುವಿನಲ್ಲೇ ಮಾತಾಡಿ ಕಾಕ ಎಂದರೆ ತಲೆ ಅಲ್ಲಾಡಿಸುತ್ತಿದ್ದರು. "ಯಂತ್ರದ ವಿಷಯ ತುಳುವಿನಲ್ಲಿ ಮಾತಾಡಿದರೆ ಸಲಿಗೆ ಜಾಸ್ತಿ ಆಗ್ತದೆ. ಆಮೇಲೆ ನೀವು ಚರ್ಚೆಗೆ ಇಳೀತೀರಿ." ಐದನೆಯ ಕ್ಲಾಸಿಗೆ ಶಾಲೆ ಬಿಟ್ಟು, ಮೊದಲು ಮೈಕ್ ಸೆಟ್ಟಿನವರ ಜೊತೆ ಊರೂರು ಸುತ್ತಿ, ಆಮೇಲೆ ಬೊಂಬಾಯಿಯಲ್ಲಿ ಒಂದು ರೇಡಿಯೋ ಅಂಗಡಿಯಲ್ಲಿ ಹನ್ನೊಂದು ವರ್ಷ ಕೂತು ಕಲಿತ ಮನುಷ್ಯ. ಮಣಿಪಾಲದ ಕಾಲೇಜಿನಲ್ಲಿ ಇಂಜಿನಿಯರಿಂಗ್ ಕಲಿಸುವವರೇ ತಮ್ಮ ಮನೆಯ ರೇಡಿಯೋ ಹಿಡಿದುಕೊಂಡು ಆ ಮೆಟ್ಟಿಲು ಹತ್ತುವುದನ್ನು ನನ್ನ ಕಣ್ಣಾರೆ ನೋಡಿದ್ದೇನೆ. ಇದನ್ನು ಬರೆಯುವಾಗ ಈಗಲೂ ನನಗೆ ಎದೆ ಉಬ್ಬುತ್ತದೆ, ಸುಳ್ಳು ಯಾಕೆ ಹೇಳಲಿ.

ನಾನು ಆ ಮೆಟ್ಟಿಲು ಹತ್ತುವ ಹಾಗಾದದ್ದು ಅಣ್ಣನ ದೆಸೆಯಿಂದ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಅಣ್ಣ ಬಹರೈನಿನಲ್ಲಿ ಒಬ್ಬ ಇಂಗ್ಲಿಷ್ ಇಂಜಿನಿಯರನ ಕಾರು ಓಡಿಸುತ್ತಿದ್ದ. ಸಂಜೆ ಸಾಹೇಬ ಮನೆಯೊಳಗೆ ಸಂಗೀತ ಹಾಕಿಕೊಂಡು ಕೂತರೆ ಅಣ್ಣ ಬಾಗಿಲ ಹೊರಗೆ ಕಾರಿನ ಕೀಲಿ ಹಿಡಿದು ನಿಂತಿರಬೇಕು. ಯಾವ ಗಳಿಗೆಯಲ್ಲಿ ಕರೆ ಬರುತ್ತದೋ ಯಾರಿಗೆ ಗೊತ್ತು. ಐದು ವರ್ಷ ಹಾಗೆ ನಿಂತುಕೊಂಡೇ ಕೇಳಿದ. ಯಾವ ಹಾಡು, ಯಾವ ವಾದ್ಯ, ಒಂದೂ ತಿಳಿಯದು. "ಅದು ಪೆಟ್ಟಿಗೆಯಿಂದ ಬರುವ ಹಾಗೆಯೇ ಇಲ್ಲ ಮಾರಾಯ. ಗೋಡೆಯ ಆಚೆ ಜನ ಕೂತು ಬಾರಿಸಿದ ಹಾಗೆ," ಎಂದು ರಜೆಗೆ ಬಂದಾಗಲೆಲ್ಲ ಹೇಳುತ್ತಿದ್ದ. ಕೊನೆಗೆ ಸಾಹೇಬ ತನ್ನ ಊರಿಗೆ ಹೊರಟಾಗ ಮನೆಯ ಸಾಮಾನು ಮಾರಿದ. ಆಂಪ್ಲಿಫೈಯರು ಯಾರೋ ದುಡ್ಡಿದ್ದವರ ಪಾಲಾಯಿತು. ಸ್ಪೀಕರು ಜೋಡಿಯನ್ನು ಅಣ್ಣ ಕೊಂಡ. ಆ ವರ್ಷ ಅವನು ಊರಿಗೆ ಬರಲಿಲ್ಲ, ಟಿಕೆಟಿಗೆ ಕೂಡಿಟ್ಟದ್ದೆಲ್ಲ ಅದಕ್ಕೇ ಹೋಗಿತ್ತು.

ಹಡಗಿನಲ್ಲಿ ಬೊಂಬಾಯಿಗೆ, ಅಲ್ಲಿಂದ ಲಾರಿಯಲ್ಲಿ ಕಾಪುವಿನ ನಮ್ಮ ಮನೆಗೆ ಬಂದಿಳಿದವು ಆ ಎರಡು ಪೆಟ್ಟಿಗೆಗಳು. ಒಂದೊಂದನ್ನು ಎತ್ತಲು ಇಬ್ಬರು ಬೇಕು. ಒಳಗೆ ಕೆಳಗಡೆ ಒಂದು ದೊಡ್ಡ ಸ್ಪೀಕರು, ಮೇಲೆ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಚಿಕ್ಕದು. ಸಣ್ಣ ಸ್ವರಗಳೆಲ್ಲ ಆ ಚಿಕ್ಕದರದ್ದೇ ಕೆಲಸ. ಅಮ್ಮ ಅವುಗಳ ಮೇಲೆ ಕಸೂತಿ ಬಟ್ಟೆ ಹಾಸಿ ಪ್ಲಾಸ್ಟಿಕ್ ಹೂ ಇಟ್ಟಳು. ಜೊತೆಗೆ ಅಣ್ಣನ ಕಾಗದ: "ಆಂಪ್ಲಿಫೈಯರ್ ನೀನು ನೋಡು. ಮುಂದಿನ ರಜೆಯಲ್ಲಿ ಬರುವಾಗ ನಾನು ನಮ್ಮ ಮನೆಯಲ್ಲಿ, ಎದುರು ಕುರ್ಚಿ ಹಾಕಿ ಕೂತು ಕೇಳಬೇಕು. ಅಷ್ಟೇ." ಅಷ್ಟೇ ಅಂತೆ! ಮಂಗಳೂರಿನಲ್ಲಿ ಫಾರಿನ್ ಸಾಮಾನು ಮಾರುವವರಲ್ಲಿ ವಿಚಾರಿಸಿದರೆ ನನ್ನ ಏಳು ತಿಂಗಳ ಸಂಬಳ ಹೇಳಿದರು. ನನ್ನ ಕೈಯಲ್ಲಿ ಇದ್ದದ್ದು ಎರಡು ತಿಂಗಳದ್ದು.

ಕಾಕನ ಹತ್ತಿರ ಹೋಗಿ ದೊಡ್ಡ ಜನರ ಹಾಗೆ ಹೇಳಿದೆ. "ನೂರು ವ್ಯಾಟಿನದ್ದು ಬೇಕು ಕಾಕ."

"ನಿಮ್ಮ ಮನೆಗಾ, ಇಡೀ ಕಾಪು ಪೇಟೆಗಾ?"

"ಹಾಗಲ್ಲ, ಸ್ಪೀಕರ್ ಒಳ್ಳೆ ಜಾತಿಯದ್ದು. ಅದಕ್ಕೆ ತಕ್ಕ ಹಾಗೆ..."

"ಒಳ್ಳೆ ಸ್ಪೀಕರಿಗೆ ಹೆಚ್ಚು ಬಡಿಸುವುದಲ್ಲ ಬ್ಯಾಂಕಿನವರೆ, ಚೊಕ್ಕ ಬಡಿಸುವುದು. ಅದು ಬಿಡಿ. ಸಂಜೆ ಏಳು ಗಂಟೆಗೆ ನಿಮ್ಮ ಮನೆಯಲ್ಲಿ ಕರೆಂಟು ಎಷ್ಟು ಉಂಟು?"

ಬಿಲ್ಲು ಎಷ್ಟು ಎಂದು ಕೇಳಿದ್ದರೆ ಹೇಳುತ್ತಿದ್ದೆ. ವೋಲ್ಟೇಜು ಯಾರು ನೋಡಿದ್ದಾರೆ? ಅವರು ನಿಟ್ಟುಸಿರು ಬಿಟ್ಟು, ಮರುದಿನ ಬಟ್ಟೆಯ ಚೀಲದಲ್ಲಿ ಮೀಟರು ಹಾಕಿಕೊಂಡು ಕಾಪುವಿನಲ್ಲಿ ಇಳಿದೇಬಿಟ್ಟರು. ಹೇಗೂ ಉಚ್ಚಿಲಕ್ಕೆ ದಾರಿ ಅದೇ. ಹಾಗೆ ಮೂರು ಸಂಜೆ ನಮ್ಮ ಸ್ವಿಚ್ ಬೋರ್ಡಿನ ಎದುರು ಸ್ಟೂಲು ಹಾಕಿ ಕೂತು, ಹತ್ತು ನಿಮಿಷಕ್ಕೊಮ್ಮೆ ನೋಡಿ ಬರೆದುಕೊಂಡರು. ಏಳು ಗಂಟೆಗೆ ನೂರ ಎಪ್ಪತ್ತಕ್ಕೆ ಇಳಿಯುತ್ತಿತ್ತು. ಮೀನಿನ ಐಸ್ ಪ್ಲಾಂಟಿನವರು ಮೋಟಾರು ಹಾಕಿದ ಕೂಡಲೇ ಇನ್ನೂ ಹತ್ತು ಕೆಳಗೆ. ಕಾಕನ ಮುಖ ಅರಳಿತು. "ಇದು ನೋಡಿ! ಆ ಮಂಗಳೂರಿನ ಸಾಮಾನು ಇನ್ನೂರ ನಲವತ್ತಕ್ಕೆ ಹುಟ್ಟಿದ್ದು. ಇಲ್ಲಿ ಬಂದರೆ ಹಸಿವಿನಿಂದ ಸಾಯ್ತದೆ. ಹಸಿದ ಆಂಪ್ಲಿಫೈಯರೇ ಸ್ಪೀಕರನ್ನು ಕೊಲ್ಲುವುದು. ನಿಮಗೆ ಇಪ್ಪತ್ತು ವ್ಯಾಟು ಸಾಕು, ಬಲಕ್ಕೆ ಇಪ್ಪತ್ತು, ಎಡಕ್ಕೆ ಇಪ್ಪತ್ತು. ಆದರೆ ಐಸ್ ಪ್ಲಾಂಟು ನಡೆಯುವಾಗಲೂ ಇಪ್ಪತ್ತೇ ಬರಬೇಕು."

ಕೋಣೆಯ ನಾಲ್ಕು ಮೂಲೆಗಳಲ್ಲಿ ನಿಂತು ಚಪ್ಪಾಳೆ ತಟ್ಟಿ ನೋಡಿದರು. ಅಮ್ಮ ಒಳಗಿನಿಂದ ಇಣುಕಿ, "ಭಜನೆ ಉಂಟಾ?" ಎಂದಳು. ಎರಡು ತಿಂಗಳ ಸಂಬಳವನ್ನು ಯಾವುದಕ್ಕೆ ಮೊದಲು ಸುರಿಯಬೇಕು ಎಂಬುದರಲ್ಲಿ ಅವರಿಗೆ ಸಂಶಯವೇ ಇರಲಿಲ್ಲ. "ಮೊದಲು ಟ್ರಾನ್ಸ್‌ಫಾರ್ಮರ್. ಅದು ನಾನೇ ಸುತ್ತುವುದು, ನಿಮ್ಮ ಮನೆಯ ಕರೆಂಟಿಗೆ ಅಳತೆ ಹಿಡಿದು. ಆಮೇಲೆ ಕಂಡೆನ್ಸರ್, ಆಮೇಲೆ ಟ್ರಾನ್ಸಿಸ್ಟರ್. ಪೆಟ್ಟಿಗೆ, ಬಣ್ಣದ ಲೈಟು, ಕುಣಿಯುವ ಮುಳ್ಳು, ಅದೆಲ್ಲ ನೆಂಟರು ನೋಡಲಿಕ್ಕೆ. ಹಣ ಉಳಿದರೆ ನೋಡುವ."

ಹಣ ಉಳಿಯಲಿಲ್ಲ. ದಿನವೂ ಉಳಿಯಲಿಲ್ಲ! ಕಾಕನಷ್ಟು ನಿಧಾನದ ಮನುಷ್ಯ ಈ ಕರಾವಳಿಯಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ. ಟ್ರಾನ್ಸ್‌ಫಾರ್ಮರು ಸುತ್ತಿ ವಾರ್ನಿಷಿನಲ್ಲಿ ಮುಳುಗಿಸಿದ್ದು ಮಳೆಗಾಲ ಮುಗಿಯದೆ ಒಣಗುವುದಿಲ್ಲ ಎಂದರು. ಕಂಡೆನ್ಸರು ಬೊಂಬಾಯಿಯಿಂದ ಪಾರ್ಸೆಲ್ ಬರಬೇಕು ಎಂದರು. ಬಂದದ್ದರಲ್ಲಿ ಎರಡು ಮನಸ್ಸಿಗೆ ಬರಲಿಲ್ಲ ಎಂದು ವಾಪಸು ಕಳಿಸಿದರು. ನಾನು ಊಟದ ಬಿಡುವಿನಲ್ಲಿ ಹೋಗಿ ಮೆಟ್ಟಿಲ ಮೇಲೆ ಕೂತು ಗೊಣಗುವುದು, ಅವರು ಟೇಪು ಹಾಕಿ ನನ್ನ ಬಾಯಿ ಮುಚ್ಚಿಸುವುದು, ಹೀಗೆ ಎಂಟು ತಿಂಗಳು ಹೋಯಿತು.

ಆ ಟೇಪಿನ ಬಗ್ಗೆ ಹೇಳಲೇಬೇಕು. ಬೇರೆ ಮೆಕ್ಯಾನಿಕರೆಲ್ಲ ರಿಪೇರಿ ಮುಗಿದ ಮೇಲೆ ಸಿನಿಮಾ ಹಾಡು ಹಾಕಿ ಕೇಳಿಸುತ್ತಿದ್ದರು. ಕಾಕ ಹಾಕುತ್ತಿದ್ದದ್ದು ಉಡುಪಿಯ ಬಸ್‌ಸ್ಟ್ಯಾಂಡು. ತಮ್ಮ ಕಿಟಕಿಯಿಂದ ಎಡಕ್ಕೊಂದು ಬಲಕ್ಕೊಂದು ಮೈಕು ಇಳಿಬಿಟ್ಟು ತಾವೇ ಹಿಡಿದದ್ದು. ಕಂಡಕ್ಟರುಗಳ ಕೂಗು, ಸೀಟಿ, ಟಿಕೆಟು ಚೀಲದ ಚಿಲ್ಲರೆ, ಕಾರ್ಕಳದ ಬಸ್ಸಿನ ಗಡಗಡ ಬಾಗಿಲು. "ಸಿನಿಮಾ ಹಾಡು ಹೇಗಿರಬೇಕು ಅಂತ ನಿಮಗೆ ಗೊತ್ತುಂಟಾ? ಹಾಡಿದವರಿಗೆ ಮಾತ್ರ ಗೊತ್ತು. ಚಿಲ್ಲರೆ ಹೇಗೆ ಸದ್ದು ಮಾಡ್ತದೆ ಅಂತ ಎಲ್ಲರಿಗೂ ಗೊತ್ತು. ಅದರಲ್ಲಿ ಮೋಸ ಮಾಡ್ಲಿಕ್ಕೆ ಆಗುವುದಿಲ್ಲ," ಎನ್ನುತ್ತಿದ್ದರು.

ಇನ್ನು ನನ್ನ ಘನಕಾರ್ಯ. ಅಣ್ಣನ ರಜೆಗೆ ನಾಲ್ಕು ತಿಂಗಳು ಇರುವಾಗ ಮನೆಯಲ್ಲಿ ತಂಗಿಯ ನಿಶ್ಚಿತಾರ್ಥ. ನಮ್ಮ ಕಡೆ ಹತ್ತು ಜನ ಸೇರುವುದಿದ್ದರೂ ಮೈಕ್ ಸೆಟ್ಟು ಆಗಲೇಬೇಕು. ತೆಂಗಿನ ಮರಕ್ಕೆ ಎರಡು ಹಾರ್ನು ಕಟ್ಟದಿದ್ದರೆ ಅದು ಶುಭಕಾರ್ಯವೇ ಅಲ್ಲ. ಗಂಡಿನ ಕಡೆಯವರು ಒಳಗೆ ಬಂದು ಕೂತರು. ಹೂ ಹೊತ್ತು ಮೂಕವಾಗಿ ನಿಂತ ಅಣ್ಣನ ಸ್ಪೀಕರುಗಳನ್ನು ನೋಡಿ ಯಾರೋ "ಇದು ಎಂತ, ಬೀರುವಾ?" ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಸೆಟ್ಟಿನವನು ಕಾಫಿಗೆ ಹೋಗಿದ್ದ. ಅವನ ಆಂಪ್ಲಿಫೈಯರಿನ ಹಿಂದೆ ಹಾರ್ನಿನ ವಯರು ಸಿಕ್ಕಿಸಿದ್ದ ಜಾಗಕ್ಕೇ ಎಡದ ಸ್ಪೀಕರಿನ ವಯರನ್ನೂ ಸಿಕ್ಕಿಸಿಬಿಟ್ಟೆ. ಹಾರ್ನಿಗಾದರೆ ಗದ್ದೆ ದಾಟಿಸಿ ಕಳಿಸುವ ಜೋರು ಕರೆಂಟು ಅಲ್ಲಿ ಬರುವುದು, ಮನೆಯ ಸ್ಪೀಕರು ತಡೆಯುವ ಬಾಬತ್ತಲ್ಲ ಎಂಬ ಬುದ್ಧಿ ನನಗೆ ಎಲ್ಲಿತ್ತು? ಒಂದು ಕೀರಲು ಸ್ವರ ಬಂತು. ಸುಟ್ಟ ವಾಸನೆ ಬಂತು. ಆಮೇಲೆ ಆ ಪೆಟ್ಟಿಗೆಯಿಂದ ಬಂದದ್ದು ಕಂಬಳಿ ಹೊದ್ದು ಮಾತಾಡಿದಂಥ ಸದ್ದು. ಮೇಲಿನ ಚಿಕ್ಕ ಸ್ಪೀಕರು ಸತ್ತಿತ್ತು. ಐದು ವರ್ಷ ಬಾಗಿಲ ಹೊರಗೆ ನಿಂತವನ ಆಸೆಯನ್ನು ನಾನು ಒಂದು ನಿಮಿಷದಲ್ಲಿ ಸುಟ್ಟಿದ್ದೆ. ನಿಶ್ಚಿತಾರ್ಥದ ಪಾಯಸವನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಮರುದಿನ ಬ್ಯಾಂಕಿಗೆ ರಜೆ ಹಾಕಿ, ಆ ಚಿಕ್ಕ ಸ್ಪೀಕರನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮೆಟ್ಟಿಲು ಹತ್ತಿದೆ. ಬೈಯುತ್ತಾರೆ ಎಂದುಕೊಂಡಿದ್ದೆ; ಬೈದಿದ್ದರೆ ಹಗುರವಾಗುತ್ತಿತ್ತು. ಕಾಕ ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

"ಅಣ್ಣನಿಗೆ ಬರೆದಿರಾ?"

"ಇಲ್ಲ ಕಾಕ. ಸರಿ ಮಾಡಿಕೊಟ್ಟರೆ ಅವನಿಗೆ ಗೊತ್ತೇ ಆಗುವುದಿಲ್ಲ ಅಲ್ವಾ?"

ಅದನ್ನು ಅವರು ಮೇಜಿನ ಮೇಲೆ ಇಟ್ಟುಬಿಟ್ಟರು. "ಮೊದಲು ಬರೆಯಿರಿ. ಇಲ್ಲೇ ಕೂತು ಬರೆಯಿರಿ. ಅಷ್ಟರವರೆಗೆ ನಾನು ಇದನ್ನು ಮುಟ್ಟುವುದಿಲ್ಲ. ಅವರ ಸೊತ್ತು ಅದು. ಅವರಿಗೆ ಗೊತ್ತಿಲ್ಲದೆ ಅದರ ಹೊಟ್ಟೆ ಬಿಚ್ಚಲಿಕ್ಕೆ ನಾನು ಯಾರು, ನೀವು ಯಾರು?"

ಬರೆದೆ. ಕೆಳಗಿನ ಪೋಸ್ಟ್ ಡಬ್ಬಕ್ಕೆ ಅವರೇ ನನ್ನ ಜೊತೆ ಇಳಿದು ಬಂದು ಹಾಕಿಸಿದರು. ಇಪ್ಪತ್ತು ದಿನಕ್ಕೆ ಉತ್ತರ ಬಂತು. ತಂಗಿಯ ಮದುವೆ ಎಲ್ಲಿ, ಅಮ್ಮನ ಮಂಡಿನೋವು ಹೇಗಿದೆ, ಎಲ್ಲ ಇತ್ತು. ಸ್ಪೀಕರಿನ ಬಗ್ಗೆ ಕೊನೆಯಲ್ಲಿ ಒಂದೇ ಸಾಲು: "ಬಂದಾಗ ನೋಡುವ." ಆ ಎರಡು ಮಾತನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಅಂಥ ಚಿಕ್ಕ ಸ್ಪೀಕರಿನ ಜೀವ ಇರುವುದು ಒಂದು ಸುರುಳಿಯಲ್ಲಿ. ಕೂದಲಿನ ಹಾಗಿರುವ ತಂತಿಯನ್ನು ಒಂದರ ಪಕ್ಕ ಒಂದು, ಎಲ್ಲೂ ಮೇಲೇರದ ಹಾಗೆ ಸುತ್ತಬೇಕು. ಹೊಸದು ತರಿಸೋಣ ಎಂದರೆ ಇಂಗ್ಲೆಂಡಿಗೆ ಬರೆಯಬೇಕು. ಕಾಕ ಗುಜರಿ ಅಂಗಡಿಯಲ್ಲಿ ಸಿಕ್ಕಿದ ಹಳೆಯ ಟೆಲಿಫೋನನ್ನು ಬಿಚ್ಚಿ ಒಳಗಿನ ತಂತಿ ಅಳೆದು, ಇದು ಆದೀತು ಎಂದರು. ಅದನ್ನು ಸುತ್ತಲು ಹಳೆಯ ಸುರುಳಿಯ ಒಳಗಿನ ಅಳತೆಯದೇ ಒಂದು ಗುಂಡನೆಯ ಹಿತ್ತಾಳೆ ಅಚ್ಚು ಬೇಕಿತ್ತು. ಒಂದು ಭಾನುವಾರ ನಾವಿಬ್ಬರೂ ಕಾರ್ಕಳದ ಬಸ್ಸು ಹತ್ತಿ, ಅವರ ಪರಿಚಯದ ಒಬ್ಬ ಅಕ್ಕಸಾಲಿಯಲ್ಲಿಗೆ ಹೋಗಿ ಅದನ್ನು ಮಾಡಿಸಿದೆವು. ಉಂಗುರದ ಅಳತೆ ತೆಗೆಯುವವರಿಗೂ ಅಷ್ಟು ತಾಳ್ಮೆ ಬೇಡ. ಕಾಕ ಮೂರು ಸಲ ಸಾಣೆ ಹಿಡಿಸಿದರು. ಹಿಂದೆ ಬರುವಾಗ ಬಸ್ಸಿನಲ್ಲಿ ಅದನ್ನು ಜೇಬಿನಲ್ಲಿ ಇಡದೆ ಮುಷ್ಟಿಯಲ್ಲೇ ಹಿಡಿದು ಕೂತಿದ್ದರು.

ಸುತ್ತುವ ದಿನ ಫ್ಯಾನು ಬಂದ್, ಕಿಟಕಿ ಬಂದ್, ನನ್ನ ಬಾಯಿಯೂ ಬಂದ್. ವಾಚ್ ರಿಪೇರಿಯವರ ಭೂತಕನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿ, ಬ್ಯಾರಿ ಭಾಷೆಯಲ್ಲಿ ಎಣಿಸುತ್ತಾ ಸುತ್ತಿದರು. ಒಂದು ಸಲ ಮುಗಿಯುತ್ತಾ ಬಂದಾಗ ತಂತಿ ತುಂಡಾಯಿತು. ಇನ್ನೊಂದು ಸಲ ಪೂರ್ತಿ ಸುತ್ತಿ, ಕನ್ನಡಿಯಲ್ಲಿ ನೋಡಿ, ತಾವೇ ಕತ್ತರಿಸಿ ಬಿಸಾಡಿದರು. "ಎಂತಾಯ್ತು ಕಾಕ, ಚೆನ್ನಾಗಿತ್ತಲ್ಲ?" ಎಂದರೆ, "ಚೆನ್ನಾಗಿತ್ತು. ಸರಿ ಇರಲಿಲ್ಲ," ಎಂದರು. ಮೂರನೆಯದು ಸ್ಪೀಕರಿನೊಳಗೆ ಹೋಯಿತು. ಆಗ ಅವರ ಶರಟು ಬೆನ್ನಿಗೆ ಅಂಟಿಕೊಂಡಿತ್ತು.

ಅದೇ ತಿಂಗಳು ಆಂಪ್ಲಿಫೈಯರೂ ಮುಗಿಯಿತು. ಪೆಟ್ಟಿಗೆಗೆ ಹಣ ಇಲ್ಲದೆ ಬೆತ್ತಲೆಯಾಗಿಯೇ ಬಂತು. ಒಂದು ಹಲಗೆ, ಅದರ ಮೇಲೆ ಅಲ್ಯೂಮಿನಿಯಮ್ಮಿನ ರೆಕ್ಕೆಗಳು, ತೆಂಗಿನಕಾಯಿಯಷ್ಟು ತೂಕದ ಟ್ರಾನ್ಸ್‌ಫಾರ್ಮರು. ಕಾಕ ಅದನ್ನು ನಮ್ಮ ಮನೆಯಲ್ಲಿ ಸಂಜೆ ಏಳಕ್ಕೇ ಹಚ್ಚಿದರು. ಹಾಡಿಲ್ಲ, ಟೇಪಿಲ್ಲ, ವಾಲ್ಯೂಮು ಪೂರ್ತಿ ತಿರುಗಿಸಿ, "ಈಗ ಕೇಳಿ," ಎಂದರು. ಸ್ಪೀಕರಿಗೆ ಕಿವಿ ಹಚ್ಚಿದೆ. ಏನೂ ಇಲ್ಲ. "ಹಾಳಾಯ್ತಾ ಕಾಕ?" ಎಂದೆ. ಅವರು ನಕ್ಕುಬಿಟ್ಟರು. "ಸುಮ್ಮನಿರಲಿಕ್ಕೆ ಕಲ್ತಿದೆ ಮಾರಾಯ್ರೆ! ಅದೇ ಕಷ್ಟದ್ದು. ಹಾಡುವುದು ಎಲ್ಲವೂ ಹಾಡ್ತದೆ."

ಅಣ್ಣ ಬಂದ. ಮೊದಲ ದಿನ ಸ್ಪೀಕರಿನ ಸುದ್ದಿ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಭಾನುವಾರ ಬೆಳಗ್ಗೆ ಕಾಕ ತಮ್ಮ ಟೇಪ್ ರೆಕಾರ್ಡರು ಹಿಡಿದುಕೊಂಡು ಬಂದರು. ಅಣ್ಣ ಎದುರು ಕುರ್ಚಿ ಹಾಕಿ ಕೂತ. ಮುಖದಲ್ಲಿ ನಗು ಇಲ್ಲ. ಕಾಕ ಮೊದಲು ತಮ್ಮ ಟೇಪನ್ನೇ ಹಾಕಿದರು. ಕೋಣೆಯ ಗೋಡೆ ಇದ್ದಲ್ಲಿ ಉಡುಪಿಯ ಬಸ್‌ಸ್ಟ್ಯಾಂಡು ತೆರೆದುಕೊಂಡಿತು. ಎಡಗಡೆಯಿಂದ ಒಬ್ಬ ಕಂಡಕ್ಟರ್ "ಕಾಪು, ಉಚ್ಚಿಲ, ಪಡುಬಿದ್ರಿ!" ಎಂದು ಕೂಗುತ್ತಾ ಚಿಲ್ಲರೆ ಕುಲುಕಿದ, ಬಲಗಡೆ ಬಾಗಿಲು ಬಡಿಯಿತು, "ರೈಟ್ ಪೋಯಿ!" ಎಂದದ್ದೇ ಬಸ್ಸು ಹೊರಟಿತು. ಅಮ್ಮ ಅಡಿಗೆಮನೆಯಿಂದ ಓಡಿ ಬಂದು, "ಯಾರದು, ಬಸ್ಸನ್ನು ಅಂಗಳಕ್ಕೇ ತಂದದ್ದು?" ಎಂದಳು. ಅಣ್ಣ ನಗುತ್ತಿದ್ದ. ನಗುತ್ತಲೇ ಲುಂಗಿಯ ಅಂಚಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ. ಎರಡು ವರ್ಷದಿಂದ ಅವನು ಆ ಕೂಗು ಕೇಳಿರಲಿಲ್ಲ.

ಆಮೇಲೆ ಅವನೇ ತಂದಿದ್ದ ಕ್ಯಾಸೆಟ್ಟು, ಸಾಹೇಬನ ಮನೆಯ ಸಂಗೀತ. ಒಂದು ಬದಿ ಪೂರ್ತಿ ಕೇಳಿದೆವು. ಟೇಪು ನಿಂತ ಮೇಲೆ ಅಣ್ಣ ಕೇಳಿದ, "ಸುಟ್ಟದ್ದು ಯಾವುದು?"

"ನೀವೇ ಹೇಳಿ," ಎಂದರು ಕಾಕ.

ಅಣ್ಣ ಎದ್ದು ಎರಡರ ಹತ್ತಿರವೂ ಹೋಗಿ, ಬಗ್ಗಿ, ಮತ್ತೆ ಟೇಪು ಹಾಕಿಸಿ ಕೇಳಿದ. "ಬಲದ್ದು," ಎಂದ.

"ಎಡದ್ದು!" ಎಂದು ನಾನು ಕಿರುಚಿಯೇಬಿಟ್ಟೆ. ನಾಚಿಕೆಗೆಟ್ಟವನು, ಸುಟ್ಟದ್ದು ನಾನೇ ಎಂಬುದು ಮರೆತುಹೋಗಿ, ನನ್ನದೇ ಸಾಧನೆ ಎಂಬ ಹಾಗೆ ಕುಣಿದೆ. ಅಣ್ಣ ನನ್ನ ತಲೆಗೆ ಒಂದು ಮೊಟಕಿದ. ಆ ಮೊಟಕಿಗೆ ನಾನು ನಾಲ್ಕು ತಿಂಗಳು ಕಾದಿದ್ದೆ.

ಆಗಲೇ ಅವನು ಕಾಕನ ಕಡೆ ತಿರುಗಿ ನೋಡಿದ್ದು. ಅವರು ಅಷ್ಟು ಹೊತ್ತೂ ಬಾಗಿಲ ಚೌಕಟ್ಟಿಗೆ ಒರಗಿ ನಿಂತೇ ಇದ್ದರು. ಗಿರಾಕಿಯ ಮನೆಯಲ್ಲಿ ಕೂರುವುದು ಅವರ ಅಭ್ಯಾಸವಲ್ಲ. ಅಣ್ಣ ಹೋಗಿ ಅವರ ಕೈ ಹಿಡಿದ. "ಬಾಗಿಲಲ್ಲಿ ನಿಂತು ಕೇಳುವುದು ಎಂತದು ಅಂತ ನನಗೆ ಗೊತ್ತುಂಟು ಕಾಕ. ನಮ್ಮ ಮನೆಯಲ್ಲಿ ಅದು ಬೇಡ. ಬನ್ನಿ." ಅವರನ್ನು ತನ್ನ ಕುರ್ಚಿಯಲ್ಲಿ ಕೂರಿಸಿ, ತಾನು ಪಕ್ಕದಲ್ಲಿ ನೆಲದ ಮೇಲೆ ಕೂತು, ಇನ್ನೊಂದು ಬದಿ ಹಾಕಿದ. ಕಾಕ ಎರಡೂ ಕೈ ಮಂಡಿಯ ಮೇಲಿಟ್ಟು ಕೊನೆಯವರೆಗೆ ಕೇಳಿದರು. ನನ್ನ ಜೀವಮಾನದಲ್ಲಿ ಅಷ್ಟು ಹೆಮ್ಮೆಪಟ್ಟ ಬೆಳಗು ಇನ್ನೊಂದಿಲ್ಲ.

ಎಂಬತ್ತರ ದಶಕ ಮುಗಿಯುತ್ತಾ ಬಂದಾಗ ಕಾಕನ ಕಣ್ಣು ಮಸುಕಾಯಿತು. ಮಣಿಪಾಲದಲ್ಲಿ ಆಪರೇಷನ್ ಮಾಡಿಸಿದರೂ ಸಣ್ಣ ಕೆಲಸ ಆಗುತ್ತಿರಲಿಲ್ಲ. ಅಂಗಡಿ ಮುಚ್ಚಿದರು. ಎರಡು ವರ್ಷ ಆದ ಮೇಲೆ ತೀರಿಕೊಂಡ ಸುದ್ದಿ ಬಂತು. ಅಣ್ಣ ಬಹರೈನಿನಲ್ಲಿದ್ದ. ನಾನೊಬ್ಬನೇ ಉಚ್ಚಿಲಕ್ಕೆ ಹೋಗಿ ಮಣ್ಣು ಹಾಕಿ ಬಂದೆ.

ಒಂದು ತಿಂಗಳ ನಂತರ ಅವರ ಮಗಳು ಬ್ಯಾಂಕಿಗೆ ಬಂದರು, ಶಾಲೆಯಲ್ಲಿ ಟೀಚರ್ ಆಗಿದ್ದವರು. ಬ್ಯಾಗಿನಿಂದ ಒಂದು ಬೆಂಕಿಪೆಟ್ಟಿಗೆ ತೆಗೆದು ಕೌಂಟರಿನ ಮೇಲಿಟ್ಟರು. ಅದರ ಮೇಲೆ ಕಾಕನ ದುಂಡು ಅಕ್ಷರದಲ್ಲಿ "ಕಾಪು, ಎಡ" ಎಂದಿತ್ತು. ತೆರೆದರೆ ಹತ್ತಿಯೊಳಗೆ ಒಂದು ತಂತಿಯ ಸುರುಳಿ, ಕೂದಲಿನಷ್ಟು ತೆಳ್ಳಗಿನ ತಂತಿ, ಒಂದರ ಪಕ್ಕ ಒಂದು, ಎಲ್ಲೂ ಮೇಲೇರದ ಹಾಗೆ ಸುತ್ತಿದ್ದು.

"ಕಣ್ಣು ಮಂಜಾಗಲಿಕ್ಕೆ ಶುರುವಾದಾಗ ಸುತ್ತಿಟ್ಟದ್ದು ಸರ್," ಎಂದರು ಅವರು. "ಒಂದು ವಾರ ಹಿಡಿಯಿತು. ಯಾಕೆ ಬಾಪಾ, ಯಾರೂ ಕೇಳಲಿಲ್ಲವಲ್ಲ ಅಂದೆ. ನಾನು ಹೋದ ಮೇಲೆ ಅದು ಸುಟ್ಟರೆ ಆ ಅಣ್ಣ ತಮ್ಮ ಯಾರ ಹತ್ತಿರ ಹೋಗ್ತಾರೆ ಅಂದರು."

ಕೌಂಟರಿನ ಮುಂದೆ ಜನ ಸಾಲು ನಿಂತಿದ್ದರು. ನಾನು ಎದ್ದು ಒಳಗೆ ಹೋಗಿ ಅತ್ತೆ. ಅಣ್ಣ ಈಗ ಊರಿಗೇ ಬಂದಿದ್ದಾನೆ, ದಿನಾ ಸಂಜೆ ಎದುರು ಕೂತು ಕೇಳುತ್ತಾನೆ. ಬೆಂಕಿಪೆಟ್ಟಿಗೆ ನನ್ನ ಕಪಾಟಿನಲ್ಲಿದೆ. ಎಡದ ಸ್ಪೀಕರಿನಲ್ಲಿ ಕಾಕ ಹಾಕಿದ್ದ ಸುರುಳಿಯೇ ಇನ್ನೂ ಹಾಡುತ್ತಿದೆ. ಬೆಂಕಿಪೆಟ್ಟಿಗೆಯಲ್ಲಿರುವುದನ್ನು ಹೊರಗೆ ತೆಗೆಯುವ ಸಂದರ್ಭ ಇವತ್ತಿನವರೆಗೆ ಬಂದಿಲ್ಲ.